ಅಕ್ಕ ಏಳಬಾರದ ದಿನಗಳು

ಫೆಬ್ರವರಿ 4, ಮಂಗಳವಾರ

...'ಮಲಗಿದ್ದರೆ ಒಳ್ಳೆಯದು' ಅಂದಳೋ, 'ಮಲಗಿರಲಿ' ಅಂದಳೋ. ಭತ್ಯೆ ಕಚೇರಿಯ ಕೌಂಟರಿನ ಹೆಂಗಸು. ಗಾಜಿನ ಹಿಂದೆ, ಪೆನ್ನಿನ ತುದಿ ಕಚ್ಚುತ್ತ. ಸಲಹೆಯೋ, ಅಪ್ಪಣೆಯೋ. ಬಸ್ಸಿನಲ್ಲಿ ಬರುವಾಗಲೂ ಅದೇ ಯೋಚನೆ.

ಕೆಟ್ಟವಳಲ್ಲ. ಸಹಾಯವಾಗಲೆಂದೇ ಹೇಳಿದ್ದು. ಪ್ರೆಸ್ಸು ಮುಚ್ಚಿದ ಮೇಲೆ ನನಗೆ ಬರುತ್ತಿದ್ದ ನಿರುದ್ಯೋಗ ಭತ್ಯೆ ಈ ತಿಂಗಳಿಗೆ ಮುಗಿಯುತ್ತದೆ. ಕರಡು ತಿದ್ದುವವನನ್ನು ಈ ವಯಸ್ಸಿನಲ್ಲಿ ಯಾರು ಕರೆಯುತ್ತಾರೆ. 'ಆರೈಕೆ ಭತ್ಯೆಗೆ ಬದಲಾಯಿಸ್ಕೊಳ್ಳಿ ಸಾರ್. ಮನೇಲಿ ಅಕ್ಕ ಇದ್ದಾರಲ್ಲ. ಹೇಗೂ ನೀವೇ ನೋಡ್ಕೋತೀರಿ.'

ನೋಡಿಕೊಳ್ಳುವುದು ನಿಜ. ಪಾರ್ಶ್ವವಾಯು ಆದಾಗಿನಿಂದ ಅಕ್ಕನಿಗೆ ಸ್ನಾನ, ತಲೆ ಬಾಚುವುದು, ಗುಂಡಿ ಹಾಕುವುದು ಎಲ್ಲ ನಾನೇ. ಆದರೆ ಕೋಲೂರಿಕೊಂಡು ಮನೆಯೆಲ್ಲ ಓಡಾಡುತ್ತಾಳೆ. ಬೆಳಗಿನ ಚಹಾ ಅವಳದೇ. ಆ ಕಾರಣಕ್ಕೇ ಅವಳಿಗೆ ಸ್ವಾವಲಂಬನೆ ಭತ್ಯೆ. ನಾನು ಹೊಸದಕ್ಕೆ ಹೋದರೆ ಅದು ನಿಲ್ಲುತ್ತದೆ. ಹೊಸದು ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಮಾತ್ರ. ಅರ್ಧ ನಡೆಯುವವರು ಅವರ ಲೆಕ್ಕದಲ್ಲಿ ಇಲ್ಲ.

ಸಹಿ ಹಾಕಿ ಬಂದೆ.

ಫೆಬ್ರವರಿ 6

ಅಕ್ಕನಿಗೆ ಇವತ್ತು ಹೇಳಿದೆ. ಚಹಾ ಸೋಸುತ್ತಿದ್ದಳು — ಬಲಗೈಯಲ್ಲಿ, ಸೊಂಟವನ್ನು ಕಟ್ಟೆಗೆ ಆನಿಸಿ.

'ಅಂದ್ರೆ ನಾನು ಏಳ್ಬಾರ್ದು.'

'ಅವರು ಬಂದಾಗ ಮಾತ್ರ.'

'ಹೆಣದ ಪಾರ್ಟು ನಂಗೆ. ಸಂಬಳ ನಿಂಗೆ.'

'ಇಬ್ರಿಗೂ, ಅಕ್ಕ.'

'ಆಯ್ತು ಬಿಡು ಪುಟ್ಟ. ಸುಮ್ನೆ ಬಿದ್ಕೊಂಡಿರೋದು ಏನು ಮಹಾ. ನಿನ್ನ ಭಾವ ಬದುಕಿದ್ದಷ್ಟು ದಿನ ಸೋಫಾ ಮೇಲೆ ಅದನ್ನೇ ಮಾಡಿದ್ರು.'

ನಕ್ಕೆವು. ಲೋಟದ ಮೇಲೆ ಸಾಸರ್ ಬೋರಲು ಹಾಕಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಬೀದಿ ನೋಡದೆ ಅವಳಿಗೆ ಚಹಾ ಇಳಿಯುವುದಿಲ್ಲ.

ಫೆಬ್ರವರಿ 17

ಮಂಜೂರಾಯಿತು. ಹಳೆಯವೆರಡೂ ಬಂದ್. ಷರತ್ತು — ತನಿಖೆಗೆ ಬರುತ್ತಾರೆ, ಹೇಳದೆ ಕೇಳದೆ.

ರಿಹರ್ಸಲ್ ಮಾಡಿದೆವು. ಹೊರಗೆ ಹೋಗಿ ಬೆಲ್ ಒತ್ತಿದೆ. ಒಳಗೆ ಟಕ್, ಸರ್ರ್. ಟಕ್, ಸರ್ರ್. ಕೋಲು, ಅದರ ಹಿಂದೆ ಎಳೆದುಕೊಂಡು ಬರುವ ಎಡಗಾಲು. ಅಡುಗೆಮನೆಯಿಂದ ಅವಳು ಮಂಚ ತಲುಪುವಷ್ಟರಲ್ಲಿ ಬಂದವನಿಗೆ ಗಡ್ಡ ಬೆಳೆಯುತ್ತದೆ. ಎರಡನೇ ಸಲ ಅವಸರ ಮಾಡಿದಳು. ಮೇಜಿಗೆ ಡಿಕ್ಕಿ. ಮೊಣಕೈ ತರಚಿತು.

'ನಿಮ್ಮ ಸಾಹೇಬ್ರಿಗೆ ಹೇಳು, ಮೆಟ್ಟಿಲ ಹತ್ರ ಒಂದು ಶೀಟಿ ಹೊಡೀಲಿ ಅಂತ.'

ತೀರ್ಮಾನಿಸಿದ್ದು ನಾನೇ. ಅವರು ಬಂದು ಹೋಗುವ ತನಕ ಹಗಲೆಲ್ಲ ಮಲಗಿರುವುದು. ಕತ್ತಲಾದ ಮೇಲೆ ಬೇಕಾದಷ್ಟು ಓಡಾಡಲಿ.

ಮಾರ್ಚ್ 2, ಭಾನುವಾರ

ಕೋಲು ಬೀರುವಿನ ಮೇಲೆ. ಕಿಟಕಿಗೆ ದಪ್ಪ ಪರದೆ — ಎದುರು ಕಟ್ಟಡದಲ್ಲಿ ಆ ಕಚೇರಿಯ ಗುಮಾಸ್ತನೊಬ್ಬನ ಮನೆಯಿದೆಯಂತೆ. ಮನೆಗೆ ಈಗ ಮಧ್ಯಾಹ್ನವೂ ಒಂದು ಬಗೆಯ ಕಂದು ಬಣ್ಣ.

ಚಹಾ ನನ್ನದು. ಒಂದು ಗುಟುಕು ಕುಡಿದು, 'ಔಷಧಿ ಚೆನ್ನಾಗಿದೆ' ಎನ್ನುತ್ತಾಳೆ.

ಕತ್ತಲಾದ ಮೇಲೆ 'ಏಳಕ್ಕ' ಎಂದರೆ ಏಳಲಿಲ್ಲ. 'ಮಲಗೀ ಮಲಗೀ ಸುಸ್ತಾಗಿದೆ ಕಣೋ. ನಾಳೆ.'

ಮಾರ್ಚ್ 24

ಕೆಳಮನೆಯವರು ಮೆಟ್ಟಿಲ ಮೇಲೆ ತಡೆದರು. ರೈಲಿನಲ್ಲಿ ಟಿಕೆಟ್ ಪರೀಕ್ಷಕರಾಗಿದ್ದು ರಿಟೈರ್ ಆದವರು. ಟಿಕೆಟ್ ಮಾಸ್ತರು ಎಂದೇ ಎಲ್ಲರೂ ಕರೆಯುವುದು.

'ನಿಮ್ಮಕ್ಕ ಭಾರಿ ಚುರುಕಾಗಿದ್ದಾರಲ್ರೀ. ಸಂತೋಷ.'

'ಇಲ್ಲವಲ್ಲ. ಹಾಸಿಗೆ ಬಿಟ್ಟು ಏಳೋದೇ ಇಲ್ಲ.'

'ಯಾರ ಹತ್ರ ಹೇಳ್ತಿದೀರಿ? ಸಪ್ಪಳ ಕೇಳಿ ಟಿಕೆಟ್ ಇಲ್ಲದವರನ್ನ ಹಿಡಿದವನು ನಾನು. ನೀವು ಅತ್ತ ಹೋದ್ರಿ ಅನ್ನಿ, ಮೇಲೆ ಟಕ್, ಸರ್ರ್. ಒಲೆ ಹತ್ರ ಒಂದಷ್ಟು ಹೊತ್ತು. ಆಮೇಲೆ ಕಿಟಕಿ.'

ಯಾರಿಗೂ ಹೇಳಬೇಡಿ ಎಂದೆ. ಸೋಜಿಗದಿಂದ ನೋಡಿದರು. ಅಕ್ಕ ನಡೆಯುವುದನ್ನು ಮುಚ್ಚಿಡುವ ತಮ್ಮ.

ಮೇಲೆ ಬಂದು ರೇಗಿದೆ. ಅಕ್ಕ ಚಾವಣಿ ನೋಡುತ್ತಿದ್ದಳು. 'ಕೋಲು ಎಲ್ಲಿದೆ, ನೀನೇ ನೋಡು.'

ಬೀರುವಿನ ಮೇಲೆಯೇ. ಧೂಳು ಹಾಗೇ ಇದೆ.

ಮಾರ್ಚ್ 26

ನಾಚಿಕೆಯಾಗುತ್ತದೆ, ಆದರೂ. ಹೊರಗೆ ಹೋಗುವ ಮುಂಚೆ ಮಂಚದ ಸುತ್ತ ಪೌಡರ್ ಉದುರಿಸಿದೆ. ಅಕ್ಕ ನಿದ್ದೆಯಲ್ಲಿದ್ದಳು. ಬಂದು ನೋಡಿದರೆ ಬೆಳ್ಳಗೆ, ನುಣ್ಣಗೆ. ಒಂದು ಗೆರೆಯಿಲ್ಲ.

ಮಾಸ್ತರು ಕೆಳಗಿನಿಂದಲೇ ಕೂಗಿದರು: 'ಇವತ್ತೂ ಓಡಾಟ ಜೋರು!'

ಒರೆಸಿದೆ. ಮನೆಯಲ್ಲಿ ಇನ್ನೂ ಅದರ ವಾಸನೆ — ಆಗತಾನೆ ಯಾರೋ ಮುಖ ತೊಳೆದುಕೊಂಡು ಹೊರಡಲು ಸಿದ್ಧರಾದ ಹಾಗೆ.

ಏಪ್ರಿಲ್ 28, ಸೋಮವಾರ

ಬಂದರು. ಕೊನೆಗೂ. ಮೃದು ಮಾತಿನ ಅಧಿಕಾರಿ, ಚಪ್ಪಲಿಯನ್ನು ಹೊರಗೇ ಬಿಟ್ಟರು. ಅಕ್ಕನ ಎಡಗೈ ಎತ್ತಿ ಬಿಟ್ಟರು. ಬಿತ್ತು. ಬಲಗೈ ಎತ್ತಿ ಬಿಟ್ಟರು. ಅದೂ ಬಿತ್ತು.

ಎಷ್ಟು ಚೆನ್ನಾಗಿ ಮಾಡುತ್ತಾಳೆ ಎಂದುಕೊಂಡೆ.

'ಎಲ್ಲಿ ತಾಯಿ, ಒಂಚೂರು ಎದ್ದು ನಿಂತ್ಕೊಳ್ಳಿ, ನೋಡೋಣ.' ಇಬ್ಬರೂ ಹಿಡಿದೆವು. ಮೊಣಕಾಲುಗಳು ಒದ್ದೆ ರಟ್ಟಿನಂತೆ ಮಡಚಿಕೊಂಡವು. ನನ್ನ ಮುಖವನ್ನೇ ನೋಡುತ್ತಿದ್ದಳು. ಹುಬ್ಬು ಗಂಟಾಗಿತ್ತು, ಯಾವುದೋ ಹೆಸರು ನೆನಪಿಸಿಕೊಳ್ಳುವವರ ಹಾಗೆ.

'ಚೆನ್ನಾಗಿ ನೋಡ್ಕೋತಿದೀರಿ' ಎಂದರು ನನಗೆ. ಹೋದರು.

ಬಾಗಿಲು ಹಾಕಿ ಚಪ್ಪಾಳೆ ತಟ್ಟಿದೆ. 'ಸಾಕು ಅಕ್ಕ, ನಾಟಕ ಮುಗೀತು. ಏಳು.'

'ಯಾವ ನಾಟಕ?'

ತಮಾಷೆ ಇರಬೇಕೆಂದು ಕಾದೆ.

ಮೇ 2

ಕೌಂಟರಿಗೆ ಹೋದೆ. ಅದೇ ಹೆಂಗಸು. ಹಳೆಯದಕ್ಕೆ ವಾಪಸ್ ಬದಲಾಯಿಸಿಕೊಡಿ ಎಂದೆ. ಅಕ್ಕನ ಸ್ವಾವಲಂಬನೆ ಭತ್ಯೆಯ ಜೊತೆ ವ್ಯಾಯಾಮ ಕಲಿಸುವವಳು ಬರುತ್ತಿದ್ದಳು, ವಾರವಾರ. ಅದೂ ನಿಂತಿದೆ ಎಂಬುದು ನನಗೆ ಈಗ ಹೊಳೆದದ್ದು.

'ಆಗುತ್ತೆ ಸಾರ್. ಇದನ್ನ ಮುಚ್ಚಿ, ಹೊಸದಾಗಿ ಅರ್ಜಿ. ನಡುವೆ ಏನೂ ಬರಲ್ಲ. ಆಮೇಲೆ ಅಕ್ಕನ್ನ ಕರ್ಕೊಂಡು ಬನ್ನಿ.'

'ಕರ್ಕೊಂಡು...'

'ಅವರು ಇಲ್ಲಿ ನಾಲ್ಕು ಹೆಜ್ಜೆ ನಡೆದು ತೋರಿಸ್ಬೇಕಲ್ಲ.'

'ನಡೆಯೋದನ್ನ ಕಲಿಸೋರು ಬಂದ್ರೆ ತಾನೇ ನಡೆಯೋದು?'

'ನಡೆದ್ರೆ ತಾನೇ ಸಾರ್ ಕಲಿಸೋರನ್ನ ಕಳಿಸೋದು.' ಅವಳಿಗೂ ಬೇಸರವಾದಂತಿತ್ತು. ಪೆನ್ನು ಕಚ್ಚಿದಳು.

ಮೇ 9

ದಿನಾ ಪ್ರಯತ್ನ. ಕೋಲು ಇಳಿಸಿ, ಒರೆಸಿ, ಕೈಗೆ ಕೊಟ್ಟೆ. ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. 'ಯಾರದು ಇದು? ಬಿಟ್ಟು ಹೋಗಿದಾರೆ, ಪಾಪ. ಹುಡುಕ್ತಾ ಇರ್ತಾರೆ. ಕೊಟ್ಬಿಡು.'

ಪುಟ್ಟ ಎಂದು ಕರೆದು ಎಷ್ಟು ದಿನವಾಯಿತು. ಈಗ 'ನೀವು' ಎನ್ನುತ್ತಾಳೆ. ಮರ್ಯಾದೆಯಿಂದ, ನರ್ಸಿಗೆ ಹೇಳುವ ಹಾಗೆ.

ಕೋಲನ್ನು ಬೀರುವಿನ ಮೇಲೆ ಇಟ್ಟಿಲ್ಲ. ಒಲೆಯ ಪಕ್ಕ ಒರಗಿಸಿದ್ದೇನೆ. ಯಾಕೆಂದು ಬರೆಯುವುದಿಲ್ಲ.

ಮೇ 16, ಮಧ್ಯಾಹ್ನ

ಮಾತ್ರೆ ತರಲು ಹೋಗಿದ್ದೆ. ಮಾಸ್ತರು ಗೇಟಿನ ಹತ್ತಿರ. 'ಇವತ್ತಿನ ನಡಿಗೆ ಕೇಳ್ಬೇಕಿತ್ತು ನೀವು. ಎಡಗಾಲೂ ಎಳೀತಿಲ್ಲ. ಟಕ್ ಟಕ್ ಅಂತ ನೇರ ಕಿಟಕಿಗೆ. ಅಲ್ಲೇ ನಿಂತಿದ್ದಾರೆ, ವಾಪಸ್ ಬಂದ ಸಪ್ಪಳ ಇಲ್ಲ.'

ಓಡಿ ಬಂದೆ. ಅಕ್ಕ ಮಂಚದ ಮೇಲೆ, ನಾನು ಮಲಗಿಸಿದ ಮಗ್ಗುಲಲ್ಲೇ. ಹೊದಿಕೆಯ ಮಡಿಕೆ ಕೂಡ ನಾನು ಮಾಡಿದ್ದೇ. ಒಲೆಯ ಪಕ್ಕ ಕೋಲು ಇಲ್ಲ.

ಕಿಟಕಿಯ ಕಟ್ಟೆಯ ಮೇಲೆ ಲೋಟ. ಸಾಸರ್ ಬೋರಲು. ಮುಟ್ಟಿದೆ, ಬಿಸಿ.

ಪರದೆ ಸರಿದಿದೆ. ಎಷ್ಟೋ ದಿನದ ಮೇಲೆ ನೆಲದ ಮೇಲೆ ಬಿಸಿಲು. ಎದುರು ಕಟ್ಟಡದ ಬಾಲ್ಕನಿಯಲ್ಲಿ ಗುಮಾಸ್ತ ಬಟ್ಟೆ ಒಣಗಿಸುತ್ತಿದ್ದಾನೆ. ಈ ಕಡೆ ನೋಡಿ ಕೈ ಬೀಸಿದ. ನನಗಲ್ಲ. ನಾನು ಗೋಡೆಯ ಮರೆಯಲ್ಲಿದ್ದೇನೆ, ಅಲ್ಲೇ ಕೂತು ಬರೆಯುತ್ತಿದ್ದೇನೆ.

ಅಕ್ಕಾ — ಮಂಚದ ಮೇಲಿರುವವಳನ್ನಲ್ಲ, ನಿನ್ನನ್ನು ಕೇಳುತ್ತಿದ್ದೇನೆ — ನೀನು ನಿಂತಿರುವುದು ಅವನಿಗೆ ಕಾಣುತ್ತಿದೆ. ಪರದೆ ಎಳೆಯಲಾ, ಅಥವಾ ಅವನು ನೋಡಲೆಂದು ಹೀಗೇ ಬಿಡಲಾ?