ಸುನೇಮಾ ಅಜ್ಜಿಯ ಹಳದಿ ದೀಪ

ಮಾರ್ಚ್ 3

ಇವತ್ತು ಒಂಬತ್ತು ಮನೆ. ಒಟ್ಟು ನಲವತ್ತೊಂದು ಆಯಿತು. ಊರಲ್ಲಿರುವುದು ಅರವತ್ತನಾಲ್ಕು.

ಹಳೇ ಬಲ್ಬು ಬಿಚ್ಚು, ಎಲ್‌ಇಡಿ ಹಾಕು, ಸಹಿ ತಗೋ, ಪಟ್ಟಿಯಲ್ಲಿ ಟಿಕ್ ಮಾಡು. ಹಳೇದನ್ನು ಚೀಲದಲ್ಲಿ ಹಾಕಿ ಸುತ್ತಿಗೆಯಿಂದ ಒಡೆಯಬೇಕು. ರಾಜಧಾನಿ ಫುನಾಫುಟಿಯ ಎರಡು ದಿನದ ಟ್ರೈನಿಂಗ್‌ನಲ್ಲಿ ಇದನ್ನೇ ಹತ್ತು ಸಲ ಹೇಳಿದ್ದರು. ಒಡೆಯದಿದ್ದರೆ ಜನ ಮತ್ತೆ ಅದನ್ನೇ ಹಾಕಿಕೊಳ್ಳುತ್ತಾರಂತೆ. ನನಗೆ ಇಡೀ ಕೆಲಸದಲ್ಲಿ ಇಷ್ಟವಾದದ್ದು ಇದೇ. ಫಟ್ ಅಂತ ಸದ್ದು!

ಈ ನೋಟ್‌ಬುಕ್ಕಿನ ಮುಂದಿನ ಅರ್ಧ ಪಟ್ಟಿಗೆ, ಹಿಂದಿನ ಅರ್ಧ ನನಗೆ. ಪಟ್ಟಿಯ ಒಂದನೇ ನಂಬರ್ ನಮ್ಮದೇ ಮನೆ. ದಡದ ಸಾಲಿನಲ್ಲಿ ತೆಂಕಣ ಕೊನೆಯದು. ಜಗುಲಿಗೆ ಎಲ್ಲಕ್ಕಿಂತ ದೊಡ್ಡ ಬಲ್ಬು ಹಾಕಿದ್ದೇನೆ... ಹಾಕುವವಳು ನಾನು, ಅಷ್ಟೂ ಬೇಡವೇ? ಲೊಪಾತಿ ಮೀನಿಗೆ ಹೋದ ರಾತ್ರಿ ಜಗುಲಿ ದೀಪ ಬೆಳಗಿನವರೆಗೆ ಉರಿಯಬೇಕು. ಮದುವೆಯಾದಾಗಿನಿಂದ ಹೀಗೇ. ಜಗಳ ಆಡಿದ ದಿನವೂ ಆರಿಸಿದವಳಲ್ಲ.

ಮಾರ್ಚ್ 8

ಸೊಸೈಟಿ ಅಂಗಡಿ ಮುಗಿಯಿತು. ದಡದಲ್ಲೇ ಇರುವುದರಿಂದ ಉಪ್ಪು ಹಿಡಿದು ಹೋಲ್ಡರ್ ತುಕ್ಕು. ಅರ್ಧ ಗಂಟೆ ಗುದ್ದಾಡಿದೆ. ಅಲ್ಲಿದ್ದದ್ದು ಹಳೇ ಕೆಂಪು-ಹಳದಿ ಬಲ್ಬು. ಚೀಲಕ್ಕೆ ಹೋಯಿತು.

ಅಲ್ಲಿಂದ ಸುನೇಮಾ ಅಜ್ಜಿಯ ಮನೆಗೆ. ಲೊಪಾತಿಯ ಅಜ್ಜಿಯ ತಂಗಿ. ಅಂಗಡಿಯ ಹಿಂದೆ, ದಿಣ್ಣೆಯ ಮೇಲೆ ಮನೆ. ಅಡುಗೆಗುಡಿಸಲ ಪಕ್ಕ ಉದ್ದದ ಕಂಬ, ತುದಿಯಲ್ಲಿ ಹಳದಿ ಬಲ್ಬು. ಕೆಳಗೆ ಒಬ್ಬಳೇ ಮುದುಕಿ—ಅಷ್ಟೆತ್ತರದಲ್ಲಿ ದೀಪ ಯಾರಿಗೆ?

ಏಣಿ ಮುಟ್ಟಲೂ ಬಿಡಲಿಲ್ಲ.

"ನಿನ್ನ ಬಲ್ಬಿಗೆ ಬಿಸಿನೇ ಇಲ್ಲ ಕಣೇ. ಆ ಬೆಳಕಲ್ಲಿ ನೀನೇ ಸತ್ತು ಮೂರು ದಿನ ಆದೋಳ ಥರ ಕಾಣ್ತೀಯ."

"ಅಜ್ಜಿ, ಊರಿಗೆಲ್ಲಾ ಹಾಕಿದೀನಿ."

"ಊರಿಗೆ ಹಾಕು. ಈ ಕಂಬ ಬಿಡು. ನಾನು ಸತ್ತ ಮೇಲೆ ಕೇಳ್ಕೊಂಡು ಬಾ."

ನಕ್ಕುಕೊಂಡೇ ಹೇಳಿದಳು. ಕಣ್ಣು ಮಾತ್ರ ನಗುತ್ತಿರಲಿಲ್ಲ.

ಮಾರ್ಚ್ 9

ಲೊಪಾತಿಯ ತಮ್ಮ ತವಾವುವಿನ ದೋಣಿ ಬೆಳಗಿನ ಜಾವ ಬಂಡೆಗೆ ತಗುಲಿದೆ. ಹವಳದ ಬಂಡೆ ಒಡೆದು ಮಾಡಿದ ನಮ್ಮ ದೋಣಿದಾರಿ ಎರಡು ದೋಣಿ ಅಕ್ಕಪಕ್ಕ ಹೋಗದಷ್ಟು ಕಿರಿದು, ನಿಜ. ಆದರೆ ಇವನು ಮೀಸೆ ಬರುವ ಮುಂಚಿನಿಂದ ಅದರಲ್ಲೇ ಓಡಾಡಿದವನು. ದೋಣಿಯ ತಳದಲ್ಲಿ ನನ್ನ ತೋಳುದ್ದ ಸೀಳು.

"ಏನಾಯ್ತು ತವಾವು?"

"ಏನಿಲ್ಲ ಅತ್ತಿಗೆ. ಸೆಳೆತ ಜಾಸ್ತಿ ಇತ್ತು."

"ಸೆಳೆತ ನಿನ್ನೆ ಹುಟ್ಟಿದ್ದಾ?"

ತಲೆ ಕೆರೆದುಕೊಂಡ. "ನಿಮ್ಮ ಬಲ್ಬು ಚೆನ್ನಾಗಿದಾವೆ ಅತ್ತಿಗೆ. ಸಮುದ್ರದಿಂದ ನೋಡಿದ್ರೆ ಊರೆಲ್ಲಾ ಒಂದೇ ಥರ ಕಾಣುತ್ತೆ."

ಹೊಗಳಿದ ಅಂದುಕೊಂಡೆ. ಖುಷಿಯೂ ಆಯಿತು. ಮನೆಗೆ ಬಂದ ಮೇಲೆ ಏನೋ ಚುಚ್ಚಿದ ಹಾಗೆ... ಅವನ ಮುಖ ಹೊಗಳುವವನ ಮುಖವಾಗಿರಲಿಲ್ಲ.

ಮಾರ್ಚ್ 17

ಅರವತ್ತಮೂರು. ಒಂದೇ ಬಾಕಿ.

23ಕ್ಕೆ ಹಡಗಿನಲ್ಲಿ ಆಫೀಸರ್ ಬರುತ್ತಾರೆ. ಪಟ್ಟಿ ಪೂರ್ತಿಯಾಗಿದ್ದರೆ ಉತ್ತರದ ಎರಡು ದ್ವೀಪಗಳ ಕೆಲಸವೂ ನನಗೇ ಅಂದಿದ್ದಾರೆ. ಸುಮ್ಮನೆ ಯಾರೋ ಒಬ್ಬನ ಹೆಂಡತಿ ಅನ್ನಿಸಿಕೊಂಡು ಸಾಕಾಗಿದೆ.

ರಾತ್ರಿ ಊಟಕ್ಕೆ ಕೂತಾಗ ಲೊಪಾತಿ ತಾನಾಗೇ ಮಾತು ತೆಗೆದ.

"ಅಜ್ಜಿ ಬಲ್ಬು ಬಿಟ್ಬಿಡು."

"ಯಾಕೆ?"

"ಬಿಡು ಅಂದ್ರೆ ಬಿಡು."

"ಕಾರಣ ಹೇಳು, ಬಿಡ್ತೀನಿ."

"ಹೇಳೋ ಹಾಗಿದ್ರೆ ಹೇಳ್ತಿರ್ಲಿಲ್ವಾ ಸೆಲುಕಾ?"

ಹನ್ನೊಂದು ವರ್ಷ ಆಯಿತು ಈ ದ್ವೀಪಕ್ಕೆ ಬಂದು. ಇವರ ಗದ್ದೆಯ ಕೆಸರಿನಲ್ಲಿ ಗೆಡ್ಡೆ ಕಿತ್ತಿದ್ದೇನೆ, ಇವರ ಹೆಣ ತೊಳೆದಿದ್ದೇನೆ. ನಾನು ಒಳಗೆ ಬಂದರೆ ಗಂಡಸರು ಮಾತು ನಿಲ್ಲಿಸುವುದು ಮಾತ್ರ ನಿಂತಿಲ್ಲ. "ನಾನಿನ್ನೂ ಹೊರಗಿನವಳಾ?" ಅಂದೆ. ಮೀನಿನ ಮುಳ್ಳು ಬಿಡಿಸುತ್ತಾ ಕೂತ. ತಟ್ಟೆ ಎತ್ತಿಕೊಂಡು ಹೋಗಿಬಿಟ್ಟೆ.

ಮಾರ್ಚ್ 21, ಸಂಜೆ 5

ಮಾಡಿಬಿಟ್ಟೆ.

ಲೊಪಾತಿ ನಾಲ್ಕಕ್ಕೆ ಹೋದ. ಹಾರುಮೀನಿನ ಕಾಲ, ಇಡೀ ರಾತ್ರಿಯ ಕೆಲಸ. ಬಂಡೆಯ ಮೇಲೆ ಅಲೆ ದೊಡ್ಡದಾಗಿದೆ ಅಂತ ಉಳಿದವರು ಯಾರೂ ದೋಣಿ ಇಳಿಸಲಿಲ್ಲ. ತವಾವುವಿನ ದೋಣಿ ಇನ್ನೂ ದಡದಲ್ಲಿ ಮಗುಚಿಕೊಂಡಿದೆ. ಇವನು ಒಬ್ಬನೇ ಹೋದ. ನಾಲ್ಕು ದಿನದಿಂದ ಮಾತಿಲ್ಲ, ಹೋಗುವಾಗಲೂ ಇಲ್ಲ.

ಅಜ್ಜಿ ಪ್ರಾರ್ಥನೆಗೆ ಹೋಗುವುದನ್ನೇ ಕಾದೆ. ಏಣಿ ಇಟ್ಟೆ. ಕಂಬದ ತುದಿಯಲ್ಲಿ ಒಂದು ಹಳೇ ರಾಟೆ ಇದೆ, ತುಕ್ಕು ಹಿಡಿದದ್ದು, ಯಾತಕ್ಕೋ ಗೊತ್ತಿಲ್ಲ. ಬಲ್ಬು ಬಿಚ್ಚಿ ಎಲ್‌ಇಡಿ ಹಾಕಿದೆ. ಇಳಿದ ತಕ್ಷಣ ಹಳೇದನ್ನು ಚೀಲಕ್ಕೆ ಹಾಕಿ ಒಡೆದೆ, ಮನಸ್ಸು ಬದಲಾಗದಿರಲಿ ಅಂತ.

ಅರವತ್ತನಾಲ್ಕು. ಪಟ್ಟಿ ಪೂರ್ತಿ.

ಖುಷಿಯಾಗಬೇಕಿತ್ತು.

ರಾತ್ರಿ 8

ಅಜ್ಜಿ ಬಂದಳು. ಬೈಯುತ್ತಾಳೆ ಅಂತ ಕಾದಿದ್ದೆ, ಬೈಯಲಿಲ್ಲ. ನಮ್ಮ ಜಗುಲಿಯ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಒಡೆದ್ಯಾ?"

"ಒಡೆದೆ."

"ಇನ್ನೊಂದು ಇದೆಯಾ ಊರಲ್ಲಿ? ಹಳದೀದು?"

"ಇಲ್ಲ. ಎಲ್ಲಾ ಒಡೆದಿದೀನಿ ಅಜ್ಜಿ."

ಆಮೇಲೆ ಹೇಳಿದಳು. ಮೇಲೆ ಅವಳ ಕಂಬದ ದೀಪ, ಕೆಳಗೆ ಅಂಗಡಿಯ ದೀಪ. ಸಮುದ್ರದಿಂದ ನೋಡುವಾಗ ಒಂದರ ನೆತ್ತಿಯ ಮೇಲೆ ಇನ್ನೊಂದು ನಿಂತರೆ ದೋಣಿ ನೇರ ದಾರಿಯಲ್ಲಿದೆ ಅಂತ. ಎರಡು ಮಾರು ಪಕ್ಕಕ್ಕೆ ಸರಿದರೂ ಬಂಡೆ. ಅಂಗಡಿಯದು ಬೆಳ್ಳಗಾದ ಮೇಲೆ ಗಂಡಸರು ಅಜ್ಜಿಯ ಹಳದಿಯೊಂದನ್ನು ಹಿಡಿದು, ಅದರ ಕೆಳಗಿನ ಬಿಳಿಯನ್ನು ಹುಡುಕಿಕೊಂಡು ಹೇಗೋ ಬರುತ್ತಿದ್ದರು. ಈಗ ಅರವತ್ತನಾಲ್ಕೂ ಬಿಳಿ.

"ಬಾಯಿಬಿಟ್ಟು ಹೇಳಿದ್ರೆ ಏನಾಗ್ತಿತ್ತು?" ಕಿರುಚಿಬಿಟ್ಟೆ.

"ಸಮುದ್ರದ ಗುರುತು ದಡದಲ್ಲಿ ಆಡಲ್ಲ ಮಗಳೇ. ದೋಣೀಲಿ ಕೂರಿಸ್ಕೊಂಡು ಕಣ್ಣಲ್ಲಿ ತೋರಿಸ್ತಾರೆ, ಅಷ್ಟೇ. ನನಗೂ ನನ್ನ ಗಂಡ ಹೇಳಿರಲಿಲ್ಲ. ಅವನು ಬರದೇ ಇದ್ದ ವರ್ಷ ನಾನೇ ತಿಳ್ಕೊಂಡೆ."

ಕೈರೇಡಿಯೊದಲ್ಲಿ ಕರೆಯೋಣ ಅಂತ ಒಳಗೆ ಓಡಿದೆ. ಅವನ ರೇಡಿಯೊ ಗೋಡೆಯ ಚಾರ್ಜರ್‌ನಲ್ಲೇ ಇತ್ತು. ದಿನಾ ಹೊರಡುವಾಗ ಅದನ್ನು ತೆಗೆದು ಕೈಗೆ ಕೊಡುವವಳು ನಾನು.

ಮಾರ್ಚ್ 22, ರಾತ್ರಿ 1:30

ಅಜ್ಜಿಯ ಕಂಬದ ಕೆಳಗೆ ಕೂತಿದ್ದೇನೆ. ಬರೆಯದಿದ್ದರೆ ಕೂರಲಾಗುವುದಿಲ್ಲ.

ಕರೆಂಟು ಬರುವ ಮುಂಚಿನ ಲಾಟೀನು ಅಜ್ಜಿಯ ಪೆಟ್ಟಿಗೆಯಲ್ಲಿತ್ತು; ಹುಡುಕಿ, ತುಕ್ಕು ಬಿಡಿಸಿ ಹತ್ತಿಸುವಷ್ಟರಲ್ಲಿ ನಡುರಾತ್ರಿ ದಾಟಿತು. ರಾಟೆ ಅದಕ್ಕಂತೆ! ಕಂಬದ ಬಿಳಿ ಬಲ್ಬು ಆರಿಸಿ, ಹಗ್ಗ ಹಾಕಿ ಲಾಟೀನನ್ನು ಮೇಲಕ್ಕೆ ಎಳೆದೆವು. ಹಳದಿ ಇದೆ, ಆದರೆ ಎಷ್ಟು ಸಣ್ಣದು. ಸುತ್ತಲಿನ ನನ್ನ ಬಿಳಿ ಬಲ್ಬುಗಳ ನಡುವೆ ಇಲ್ಲವೇ ಇಲ್ಲ ಅನ್ನುವ ಹಾಗೆ.

ಟಾರ್ಚ್ ಹಿಡಿದು ದಡದಲ್ಲಿ ನಿಲ್ಲೋಣ ಅಂದ ತವಾವು. "ಹತ್ತು ಬೆಳಕು ಕುಣಿದ್ರೆ ಅವನು ಯಾವುದನ್ನ ನಂಬ್ತಾನೆ?" ಅಂದಳು ಅಜ್ಜಿ. ಊರಿನ ಜನರೇಟರ್ ನಿಲ್ಲಿಸೋಣ ಅಂದೆ ನಾನು. ಆದರೆ ಆಗ ಅಂಗಡಿ ದೀಪವೂ ಹೋಗುತ್ತದೆ, ಇರುವುದು ಒಂದೇ ಲಾಟೀನು.

ಉಳಿದದ್ದು ಒಂದೇ ದಾರಿ. ಅಂಗಡಿಯದು ಮಾತ್ರ ಉರಿಯಲಿ, ಊರೆಲ್ಲಾ ಆರಲಿ. ಬಡಗಣ ಸಾಲಿಗೆ ತವಾವು ಓಡಿದ, ತೆಂಕಣ ಸಾಲಿಗೆ ನಾನು ಈಗ ಹೊರಟೆ.

2:40

ಎಷ್ಟು ಬಾಗಿಲು ಬಡಿದೆನೋ. ಹೆಸರು ಹಿಡಿದು ಕೂಗಿ, ಬೈದು, ಕಾಲು ಹಿಡಿದು... ಎದ್ದು ಬಂದು ಆರಿಸಿದರು ಪಾಪ, ಯಾರೂ ಎದುರು ಮಾತಾಡಲಿಲ್ಲ. ಆರಿಸಿದ ಮನೆಗೆಲ್ಲಾ ಅದೇ ಪಟ್ಟಿಯಲ್ಲಿ ಎರಡನೇ ಟಿಕ್ ಹಾಕುತ್ತಿದ್ದೇನೆ. ತವಾವು ಓಡಿ ಬಂದು ನಂಬರ್ ಹೇಳಿ ಹೋಗುತ್ತಾನೆ.

ಊರು ಒಂದೊಂದಾಗಿ ಕಪ್ಪಾಗುತ್ತಿದೆ. ಲಾಟೀನು ಈಗ ದೊಡ್ಡದಾಗಿ ಕಾಣುತ್ತಿದೆ. ಹಗ್ಗ ಬಿಗಿಯಾಗಿ ಹಿಡಿದು ಅಜ್ಜಿ ನಿಂತೇ ಇದ್ದಾಳೆ. ಕೂರು ಅಂದರೆ ಕೇಳುವುದಿಲ್ಲ.

ದೇವರೇ, ಅವನು ಮಾತಾಡದೇ ಇದ್ದರೂ ಪರವಾಗಿಲ್ಲ. ಬರಲಿ.

3:15

ಕಂಡಿತು. ಬಂಡೆಯ ಆಚೆ, ಅವನ ದೋಣಿಯ ದೀಪ. ಅತ್ತ ಹೋಗುತ್ತದೆ, ಇತ್ತ ಬರುತ್ತದೆ. ಹುಡುಕುತ್ತಿದ್ದಾನೆ.

ಅಲೆಯ ಸದ್ದಿನಲ್ಲಿ ಎಂಜಿನ್ ಕೇಳುವುದಿಲ್ಲ.

3:25

ನಿಂತಿತು. ತಿರುಗಿತು! "ಸಿಕ್ತು ಅತ್ತಿಗೆ, ಗುರುತು ಹಿಡಿದ!" ತವಾವು ಕುಣಿಯುತ್ತಿದ್ದಾನೆ. ನಾನು ಅಳುತ್ತಿದ್ದೇನೆ, ಪುಟ ಒದ್ದೆ.

ಅಜ್ಜಿ ಮಾತ್ರ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದಾಳೆ.

"ತೆಂಕಕ್ಕೆ ಜಾಸ್ತಿ ಹೋದ. ಅದು ಅಂಗಡಿ ಸಾಲಲ್ಲ. ಸೆಲುಕಾ, ಕೆಳಗೆ ದಡದಲ್ಲಿ ಇನ್ನೊಂದು ಯಾವುದೋ ಉರೀತಿದೆ."

ಇಲ್ಲಿಂದ ತೆಂಗಿನಮರಗಳು ಅಡ್ಡ. ಪಟ್ಟಿ ನೋಡುತ್ತೇನೆ. ಅಂಗಡಿ ಬಿಟ್ಟು, ಅಜ್ಜಿಯ ಮನೆ ಬಿಟ್ಟು ಅರವತ್ತೆರಡು ಟಿಕ್ ಇರಬೇಕು. ಎಣಿಸಿದೆ. ಅರವತ್ತೊಂದು. ಮತ್ತೆ ಎಣಿಸಿದೆ. ಅರವತ್ತೊಂದೇ.

ಕೊನೆಯ ಪುಟ, ಎಲ್ಲಾ ಇದೆ. ನಡುವಿನ ಪುಟ, ಇದೆ. ಮೊದಲ ಪುಟ. ಹತ್ತು ಇದೆ, ಐದು ಇದೆ, ಮೂರು, ಎರಡು

ಒಂದನೇ ನಂಬರ್, ನಮ್ಮ ಜಗುಲಿ—