ಕೆಂಪು ನಲವತ್ತಮೂರಕ್ಕೆ ಬರಬೇಕಿದ್ದ ಅಪ್ಪ

ನಗರ ನಕ್ಷೆ ಮತ್ತು ವಿಳಾಸ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಿಮ್ಮ ನಕ್ಷೆ ಆ್ಯಪ್‌ನ ಹೊಸ ಆವೃತ್ತಿ ನನ್ನ ಅಪ್ಪನನ್ನು ಇನ್ನೊಬ್ಬ ಹುಡುಗಿಯ ಮನೆಗೆ ಕರೆದೊಯ್ದು, ಊಟಕ್ಕೆ ಕೂರಿಸಿ, ಕಾಫಿ ಕುಡಿಸಿ, ಅಲ್ಲಿಂದಲೇ ರೈಲು ಹತ್ತಿಸಿ ಕಳಿಸಿದೆ. ನನ್ನ ದೂರು ಇಷ್ಟೇ. ಇದು ಹೊಟ್ಟೆಕಿಚ್ಚಿನ ಪತ್ರ ಎಂದು ನಿಮ್ಮ ಕಚೇರಿಯಲ್ಲಿ ಯಾರಾದರೂ ಗೊಣಗುವ ಮೊದಲು ನಾನೇ ಹೇಳಿಬಿಡುತ್ತೇನೆ: ಹೌದು, ಹೊಟ್ಟೆಕಿಚ್ಚಿನದೇ. ಆದರೆ ಹೊಟ್ಟೆಕಿಚ್ಚು ಪಡುವವರ ವಿಳಾಸವೂ ಸರಿಯಾಗಿರಬಾರದು ಎಂದು ಯಾವ ಕಾನೂನಿನಲ್ಲಿದೆ?

ನಿಮಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಏಕೆಂದರೆ ನಿಮ್ಮ ಆ್ಯಪ್‌ಗೆ ಅದು ಗೊತ್ತಿಲ್ಲ. ಲಿಗೂರಿಯಾ ಕರಾವಳಿಯ ಈ ಬಂದರು ಊರಿನಲ್ಲಿ ಒಂದೊಂದು ಬೀದಿಗೂ ಎರಡು ಎಣಿಕೆ. ಮನೆಗಳ ಬಾಗಿಲಿಗೆ ಕಪ್ಪು ಸಂಖ್ಯೆ, ಅಂಗಡಿಗಳ ಬಾಗಿಲಿಗೆ ಕೆಂಪು ಸಂಖ್ಯೆ. ಎರಡೂ ಒಂದರಿಂದಲೇ ಶುರುವಾಗಿ, ಒಂದನ್ನೊಂದು ಕೇಳದೆ ತಮ್ಮ ಪಾಡಿಗೆ ಗುಡ್ಡ ಹತ್ತುತ್ತವೆ. ನಮ್ಮ ಮಿರ್ತೊ ಏರುಬೀದಿಯ ಕೆಳಗಡೆ ಬರೀ ಅಂಗಡಿಗಳು, ಆದ್ದರಿಂದ ಕೆಂಪು ನಲವತ್ತಮೂರು ಬೀದಿಯ ಬುಡದಲ್ಲೇ ಬಂದುಬಿಡುತ್ತದೆ. ಕಪ್ಪು ನಲವತ್ತಮೂರು ಇರುವುದು ತುತ್ತತುದಿಯಲ್ಲಿ, ಸಮುದ್ರ ಕಾಣುವಲ್ಲಿ, ಲಿಫ್ಟ್ ಇರುವಲ್ಲಿ. ನಾನು ಇರುವುದು ಕೆಂಪಿನಲ್ಲಿ. ನನ್ನ ಚಿಕ್ಕಜ್ಜಿ ಎರ್ಸೀಲಿಯಾ ಅಲ್ಲಿ ಕೊಡೆ ರಿಪೇರಿ ಅಂಗಡಿ ನಡೆಸುತ್ತಿದ್ದವರು. ಅಂಗಡಿ ಮುಚ್ಚಿದ ಮೇಲೆ ಒಲೆ, ಮಂಚ ಹಾಕಿ ಅದನ್ನೇ ಮನೆ ಮಾಡಿಕೊಂಡರು. ನಿಮ್ಮದೇ ಕಚೇರಿ ಅದನ್ನು ಮನೆ ಎಂದು ಒಪ್ಪಿ, ಸಂಖ್ಯೆಯ ಬಣ್ಣ ಬದಲಿಸಲು ಮಾತ್ರ ಮರೆಯಿತು. ಹಾಗಾಗಿ ನಾವು ಕಾಗದದಲ್ಲಿ ಮನುಷ್ಯರು, ಬಾಗಿಲಿನಲ್ಲಿ ಅಂಗಡಿ.

ಮೊದಲು ಇದರಿಂದ ತೊಂದರೆ ಇರಲಿಲ್ಲ. ಹಳೆಯ ಆ್ಯಪ್‌ಗೆ ನಮ್ಮ ವಿಳಾಸ ಕೊಟ್ಟರೆ ‘ಸಿಗಲಿಲ್ಲ’ ಎನ್ನುತ್ತಿತ್ತು. ಬಂದವರು ಕೆಳಗಿನ ಚೌಕದಲ್ಲಿ ನಿಂತು ಫೋನ್ ಮಾಡುತ್ತಿದ್ದರು, ನಾನು ಹೋಗಿ ಕರೆತರುತ್ತಿದ್ದೆ. ‘ಸಿಗಲಿಲ್ಲ’ ಎಷ್ಟು ಮರ್ಯಾದಸ್ಥ ಮಾತು ಎಂದು ಈಗ ಅರ್ಥವಾಗುತ್ತಿದೆ. ನಿಮ್ಮ ಹೊಸ ‘ಜಾಣ ಹೊಂದಾಣಿಕೆ’ಗೆ ಆ ಮಾತನ್ನು ಹೇಳಲು ನಾಚಿಕೆ. ಏನು ಬರೆದುಕೊಟ್ಟರೂ ಅದು ಹತ್ತಿರದ ಹೋಲಿಕೆ ಹುಡುಕಿ, ಹಸಿರು ಗುರುತು ಹಾಕಿ, ‘ಹೊಂದಿದೆ’ ಎನ್ನುತ್ತದೆ. ಕೆಂಪು ಎಂಬುದನ್ನು ಉದುರಿಸಿ ನಲವತ್ತಮೂರನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಗೊತ್ತಿಲ್ಲದಿದ್ದರೂ ಗೊತ್ತು ಎನ್ನುವುದನ್ನು ನಾವು ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಮಾಡಿದರೆ ಸೊನ್ನೆ ಕೊಡುತ್ತಾರೆ. ನಿಮ್ಮಲ್ಲಿ ಅದಕ್ಕೆ ಹೊಸ ಸೌಲಭ್ಯ ಎಂದು ಹೆಸರೇ?

ನನ್ನ ಅಪ್ಪ ಇಂಗ್ಲೆಂಡಿನವರು, ಹಡಗಿನ ಎಂಜಿನಿಯರ್. ಅಮ್ಮ ಈ ಊರಿನವರು, ಈಗ ಬೇರೆ ಸಂಸಾರದಲ್ಲಿದ್ದಾರೆ. ನಾನು ಏಳನೇ ವಯಸ್ಸಿನಿಂದ ಹಾಸ್ಟೆಲ್‌ಗಳಲ್ಲಿ ಬೆಳೆದವಳು. ಅಪ್ಪ ರಜೆಯಲ್ಲಿ ಬಂದರೆ ನಾವು ಭೇಟಿ ಕೋಣೆಯಲ್ಲಿ ಕೂರುತ್ತಿದ್ದೆವು. ಎರಡು ಕುರ್ಚಿ, ಗೋಡೆಗೆ ಗಡಿಯಾರ, ಬಾಗಿಲ ಬಳಿ ವಾರ್ಡನ್. ಈ ವರ್ಷ ಇಲ್ಲಿನ ವಿಶ್ವವಿದ್ಯಾಲಯ ಸೇರಿ ಚಿಕ್ಕಜ್ಜಿಯ ಜೊತೆ ಇರಲು ಬಂದಾಗ ಅವರು ನನಗೊಂದು ಬೀಗದ ಕೈ ಕೊಟ್ಟರು. ನನ್ನದೇ ಬಾಗಿಲನ್ನು ನಾನೇ ತೆರೆದು ಅಪ್ಪನನ್ನು ಒಳಗೆ ಕರೆಯಬೇಕು ಎಂಬುದು ನನ್ನ ಆಸೆಯಾಗಿತ್ತು. ಇಷ್ಟು ಸಣ್ಣ ಆಸೆಯನ್ನು ಸರಕಾರಿ ಕಚೇರಿಗೆ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ, ಆದರೂ ಬರೆದಿದ್ದೇನೆ.

ಎರಡು ರೈಲುಗಳ ನಡುವಿನ ಬಿಡುವಿನಲ್ಲಿ ಒಂದು ಭಾನುವಾರ ಅಪ್ಪ ಬರುವುದೆಂದಾಯಿತು. ಸ್ಟೇಷನ್ನಿಗೆ ಬರುತ್ತೇನೆ ಎಂದರೆ ಕೇಳಲಿಲ್ಲ. “ಬೇಡ ಪುಟ್ಟಿ, ವಿಳಾಸ ಹಾಕಿದೀನಿ, ಹಸಿರು ಗುರುತು ಬಂದಿದೆ. ನೀನು ಬಾಗಿಲಲ್ಲಿ ನಿಂತಿರು, ಸಾಕು” ಎಂದರು. ಚಿಕ್ಕಜ್ಜಿ ಬೆಳಗ್ಗೆಯೇ ಎದ್ದು ಸೊಪ್ಪು ತುಂಬಿದ ಪಾನ್ಸೋತಿ ಕಡುಬು ಮಡಚಿ, ಕಲ್ಲಿನ ಒರಳಲ್ಲಿ ಅಕ್ರೋಟು ಅರೆದರು. ನಾನು ಬಾಗಿಲಲ್ಲಿ ನಿಂತೆ. ನಿಂತೇ ಇದ್ದೆ. ಕೊನೆಗೆ ಫೋನಿಗೆ ಸಂದೇಶ ಬಂತು: “ಬಂದು ಕೂತಿದೀನಿ. ಎಂಥಾ ಚೆಂದದ ಮನೆ. ನೀನೆಲ್ಲಿ?”

ಏರುಬೀದಿಯನ್ನು ಓಡಿ ಹತ್ತಿದೆ. ಕಪ್ಪು ನಲವತ್ತಮೂರರಲ್ಲಿ ಕಾನೆಪಾ ಕುಟುಂಬ ಭಾನುವಾರದ ಊಟಕ್ಕೆ ಕೂತಿತ್ತು. ಅಪ್ಪ ಬಾಗಿಲು ಬಡಿದು, ಫೋನ್ ತೋರಿಸಿ, ಬಾರದ ಭಾಷೆಯಲ್ಲಿ ‘ಮಗಳು, ವಿಶ್ವವಿದ್ಯಾಲಯ’ ಎಂದಿದ್ದಾರೆ. ಆ ಮನೆಯಲ್ಲೂ ವಿಶ್ವವಿದ್ಯಾಲಯಕ್ಕೆ ಹೋಗುವ ಮಗಳೊಬ್ಬಳಿದ್ದಾಳೆ, ಒಟ್ಟಾವಿಯಾ. ಅವಳ ಗೆಳತಿಯ ತಂದೆ ಇರಬೇಕು, ಗೆಳತಿ ಹಿಂದೆಯೇ ಬರುತ್ತಾಳೆ ಎಂದುಕೊಂಡು ಇವರನ್ನು ಮೇಜಿನ ಮುಖ್ಯ ಕುರ್ಚಿಯಲ್ಲಿ ಕೂರಿಸಿದ್ದಾರೆ. ಊಟದ ಹೊತ್ತಿಗೆ ಬಂದವರನ್ನು ಹೆಸರು ಕೇಳಿ ಒಳಗೆ ಬಿಡುವ ಪದ್ಧತಿ ಇಲ್ಲಿಲ್ಲವಲ್ಲ.

ನಾನು ಏದುಸಿರು ಬಿಡುತ್ತ ನಿಂತಾಗ ಒಟ್ಟಾವಿಯಾಳ ತಾಯಿ ಸಿಞೋರಾ ಕಾನೆಪಾ ನನ್ನನ್ನು ಒಳಗೆ ಎಳೆದುಕೊಂಡರು. “ಇವಳೇನಾ ಮಗಳು? ಎಷ್ಟು ಸಣ್ಣಗಿದೀಯೇ. ಕೂತ್ಕೋ, ಕೂತ್ಕೋ.”

“ಇಲ್ಲಮ್ಮ, ನಮ್ಮನೇಲಿ ಅಡುಗೆ ಆಗಿದೆ. ವಿಳಾಸ ತಪ್ಪಾಗಿದೆ ಅಷ್ಟೆ. ಅಪ್ಪ, ಏಳಿ.”

“ತಟ್ಟೆಲಿ ಬಿಟ್ಟು ಏಳ್ತಾರೇನೇ?” ಎಂದರು ಒಟ್ಟಾವಿಯಾಳ ತಾತ. “ಪಾಪ, ಗುಡ್ಡ ಹತ್ತಿ ಬಂದಿದಾರೆ. ಕಾಫಿ ಆಗ್ಲಿ ಮೊದ್ಲು.”

ಇಲ್ಲಿ ಕಾಫಿಗೆ ಮೊದಲು ಮೇಜು ಬಿಟ್ಟೇಳುವುದೆಂದರೆ ಮನೆಯವರ ಮುಖಕ್ಕೆ ಹೊಡೆದಂತೆ. ನಾನೂ ಕೂತೆ. ಕಾಫಿಗೆ ಮೊದಲು ಮೊಲದ ಮಾಂಸ ಬಂತು, ಚೀಸ್ ಬಂತು, ಪೇರ್ ಹಣ್ಣು ಬಂತು. ತಾತ ಒಟ್ಟಾವಿಯಾಳಿಗೆ ಹಣ್ಣಿನ ಸಿಪ್ಪೆ ಹೆರೆದುಕೊಟ್ಟರು. ಅವಳು ಅದನ್ನು ನೋಡಲೂ ಇಲ್ಲ, ಫೋನ್ ನೋಡುತ್ತ ತಿಂದಳು. ಹತ್ತೊಂಬತ್ತು ವರ್ಷದವಳಿಗೆ ದಿನವೂ ಹಣ್ಣು ಹೆರೆದುಕೊಡುವವರಿದ್ದಾರೆ. ಬಾಲ್ಕನಿ ಇದೆ, ಅದರಲ್ಲಿ ನಿಂಬೆ ಗಿಡ ಇದೆ, ಅದರಾಚೆ ಸಮುದ್ರ ಇದೆ. ಇಷ್ಟು ಸಾಲದೆಂದು ನಿಮ್ಮ ಇಲಾಖೆ ಅವಳಿಗೆ ನನ್ನ ಅಪ್ಪನನ್ನೂ ಮಂಜೂರು ಮಾಡಿತೇ? ಭೇಟಿ ಕೋಣೆಯಲ್ಲಿ ಹತ್ತು ಮಾತಿಗೆ ಮುಗಿದುಹೋಗುತ್ತಿದ್ದ ಅಪ್ಪ ಅಲ್ಲಿ ಬಾರದ ಭಾಷೆಯಲ್ಲೇ ಕೈ ಆಡಿಸಿ ಹಡಗಿನ ಕಥೆ ಹೇಳುತ್ತಿದ್ದರು. ಬಿರುಗಾಳಿಯಲ್ಲಿ ಎಂಜಿನ್ ನಿಂತ ಕಥೆ. ಅದನ್ನು ನಾನು ಮೊದಲ ಸಲ ಕೇಳಿದ್ದೇ ಒಟ್ಟಾವಿಯಾಳ ಪಕ್ಕದಲ್ಲಿ ಕೂತು.

ಕಾಫಿ ಮುಗಿಯುವಷ್ಟರಲ್ಲಿ ರೈಲಿನ ಹೊತ್ತಾಯಿತು. ಸ್ಟೇಷನ್ನಿಗೆ ಹೋಗುವ ಬಸ್ಸು ಮೇಲಿನಿಂದಲೇ ಹೊರಡುತ್ತದೆ. ಅಪ್ಪ ನನ್ನ ತಲೆ ಸವರಿ ಹೇಳಿದರು, “ಮುಂದಿನ ಸಲ ನಿನ್ನ ಮನೆ ನೋಡ್ತೀನಿ ಪುಟ್ಟಿ. ದಾರಿಯಂತೂ ಗೊತ್ತಾಯ್ತಲ್ಲ ಈಗ.”

ಕೆಳಗೆ ಬಂದರೆ ಚಿಕ್ಕಜ್ಜಿ ಇನ್ನೂ ಬಾಗಿಲಲ್ಲೇ ನಿಂತಿದ್ದರು.

“ಊಟ ಮಾಡಿದ್ಯಾ?”

“ಮಾಡ್ಬೇಕಾಯ್ತು.”

“ಅವರೂ ಪಾನ್ಸೋತಿ ಮಾಡಿದ್ರಾ?”

“ಹೂಂ.”

“ನಮ್ಮದಕ್ಕಿಂತ ಚೆನ್ನಾಗಿತ್ತಾ?”

ಉತ್ತರಕ್ಕೆ ಕಾಯದೆ ಅವರು ಒಲೆ ಕಡೆ ತಿರುಗಿಕೊಂಡರು. “ಇರ್ಲಿ ಬಿಡು. ಕಪ್ಪು ನಂಬರಿನವರ ಮನೇಲಿ ಒಲೆ ದೊಡ್ಡದು.”

ಮಾನ್ಯರೇ, ಮರುದಿನವೇ ನಾನು ಆ್ಯಪ್‌ನಲ್ಲಿ ‘ತಪ್ಪು ತಿಳಿಸಿ’ ಎಂಬುದನ್ನು ಒತ್ತಿದೆ. ಉತ್ತರ ತಕ್ಷಣ ಬಂತು: ‘ಈ ಹೊಂದಾಣಿಕೆ ಬಳಕೆದಾರರ ಭೇಟಿಯಿಂದ ದೃಢಪಟ್ಟಿದೆ.’ ಅರ್ಥವಾಗದೆ ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ನಿಮ್ಮ ಸಿಬ್ಬಂದಿಯಾದ ಆ ಮಹನೀಯರು ಬಹಳ ಸಂತೋಷದಿಂದ ವಿವರಿಸಿದರು.

“ನೋಡಮ್ಮ, ಹುಡುಕಿದ ವಿಳಾಸಕ್ಕೆ ಹೋಗಿ ಜನ ಅಲ್ಲೇ ಹೊತ್ತು ಕಳೆದ್ರೆ, ಜಾಗ ಸರಿ ಅಂತ ಆ್ಯಪ್ ಕಲ್ತುಕೊಳ್ಳುತ್ತೆ. ನಿಮ್ಮ ತಂದೆ ಅಲ್ಲಿ ಮೂರು ಗಂಟೆ ಇದ್ರು.”

“ಅವರಿಗೆ ಊಟ ಹಾಕ್ತಿದ್ರು ಸರ್.”

“ಅದೇ ಮತ್ತೆ. ತಪ್ಪು ಮನೇಲಿ ಯಾರಾದ್ರೂ ಅಷ್ಟೊತ್ತು ಊಟ ಮಾಡ್ತಾರಾ?” ಆಮೇಲೆ ಏನೋ ನೋಡಿ ನಕ್ಕರು. “ಕೆಂಪು ನಲವತ್ತಮೂರು ನಿಮ್ಮ ಮನೆ ಅಂತೀರಿ. ಆದ್ರೆ ನಿಮ್ಮ ಫೋನೂ ಆವತ್ತು ಆ ಮೇಲಿನ ಮನೇಲೇ ಕೂತಿತ್ತಲ್ಲಮ್ಮ.”

ಅಂದರೆ ಅಪ್ಪನ ಸಂತೋಷವೂ ಸಾಕ್ಷಿ, ನನ್ನ ಮರ್ಯಾದೆಯೂ ಸಾಕ್ಷಿ, ಎರಡೂ ನನ್ನ ಬಾಗಿಲಿನ ವಿರುದ್ಧ. ನಾನು ಮೇಜಿನಿಂದ ಎದ್ದು ಬಾಗಿಲು ದಢಾರನೆ ಹಾಕಿ ಬಂದಿದ್ದರೆ ನಿಮ್ಮ ನಕ್ಷೆ ಸರಿಯಾಗುತ್ತಿತ್ತು. ಒಳ್ಳೆಯ ನಡತೆಯನ್ನು ತಪ್ಪಿನ ರುಜುವಾತು ಮಾಡಿಕೊಳ್ಳುವ ಜಾಣತನವನ್ನು ನಿಮಗೆ ಯಾರು ಕಲಿಸಿದರು? ಈ ಬೀದಿಯ ಬುಡದಲ್ಲಿ ಅಂಗಡಿಯಲ್ಲೇ ಮನೆ ಮಾಡಿಕೊಂಡವರು ನಾವಿಬ್ಬರೇ ಅಲ್ಲ. ನಮ್ಮೆಲ್ಲರ ನೆಂಟರನ್ನೂ, ವೈದ್ಯರನ್ನೂ ಗುಡ್ಡದ ಮೇಲಿನವರಿಗೇ ಹಂಚಿಬಿಡುತ್ತೀರಾ? ಅವರಿಗೆ ಈಗಾಗಲೇ ಸಮುದ್ರ ಇದೆ, ಮಾನ್ಯರೇ.

ಈಸ್ಟರ್ ಮರುದಿನ ಅಪ್ಪ ಮತ್ತೆ ಬರುತ್ತಾರೆ. ಎದುರುಗೊಳ್ಳಲು ಬರುತ್ತೇನೆ ಎಂದರೆ, “ಬೇಡ, ನಂಗೆ ದಾರಿ ಗೊತ್ತು” ಎಂದು ಜಂಬದಿಂದ ಹೇಳುತ್ತಾರೆ. ಮೊನ್ನೆ ತರಗತಿಯ ಹೊರಗೆ ಒಟ್ಟಾವಿಯಾ ನನ್ನ ತೋಳು ಹಿಡಿದು ನಿಲ್ಲಿಸಿದಳು. “ನಿಮ್ಮಪ್ಪ ಬರ್ತಾರಂತಲ್ಲೇ, ತಾತಂಗೆ ಮೆಸೇಜ್ ಮಾಡಿದಾರೆ, ಆವತ್ತು ನಂಬರ್ ತಗೊಂಡಿದ್ರು. ಅವರಿಗೆ ಕುರಿ ಮಾಂಸ ಆಗುತ್ತಾ ಅಂತ ಅಮ್ಮ ಕೇಳ್ತಿದ್ರು.” ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. “ಆಗುತ್ತೆ” ಎಂದೆ.

ಆದ್ದರಿಂದ ಈಸ್ಟರಿಗೆ ಮೊದಲು ಕೆಂಪು ನಲವತ್ತಮೂರಕ್ಕೆ ನಕ್ಷೆಯಲ್ಲಿ ಅದರದೇ ಒಂದು ಚುಕ್ಕೆ ಇಡಿ. ಅದು ನಿಮ್ಮಿಂದ ಆಗದಿದ್ದರೆ ಹಸಿರು ಗುರುತನ್ನಾದರೂ ತೆಗೆದು, ಮೊದಲಿನ ಹಾಗೆ ‘ಸಿಗಲಿಲ್ಲ’ ಎನ್ನಿ. ಆಗ ಅಪ್ಪ ಚೌಕದಲ್ಲಿ ನಿಂತು ನನಗೆ ಫೋನ್ ಮಾಡುತ್ತಾರೆ. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ಇಂತಿ,
ಇನ್ನೂ ಬಾಗಿಲಲ್ಲೇ ನಿಂತಿರುವ
ಇರೇನೆ ಹೋಲ್‌ರಾಯ್ಡ್
ಮಿರ್ತೊ ಏರುಬೀದಿ, ಕೆಂಪು ೪೩

(ನಿಮ್ಮ ಉತ್ತರ ನಿಮ್ಮದೇ ನಕ್ಷೆ ಹಿಡಿದು ಹೇಗೂ ಮೇಲಿನ ಮನೆಗೇ ಹೋಗುತ್ತದೆ. ಚಿಂತೆ ಇಲ್ಲ, ಒಟ್ಟಾವಿಯಾ ತಂದುಕೊಡುತ್ತಾಳೆ. ಅವಳು ಒಳ್ಳೆಯ ಹುಡುಗಿ. ನನಗೆ ಅದನ್ನೇ ಸಹಿಸಲಾಗುವುದಿಲ್ಲ.)