ಬಲಗಡೆಯ ಎಂಜಿನ್ ಆರಿದಾಗ

ಪ್ರೀತಿಯ ಅಕ್ಕ,

ಕೆಲಸ ಸಿಕ್ಕ ಮೇಲೂ ಇನ್ನೆಂಥ ಕಲಿಕೆ ಅಂತ ಕೇಳಿದ ಭಾವನಿಗೆ ಮೊದಲು ಉತ್ತರ. ಪೈಲಟ್ ಲೈಸೆನ್ಸ್ ಇದ್ದು, ಕಂಪನಿಯಲ್ಲಿ ಕೆಲಸ ಸಿಕ್ಕರೂ ಆಯಾ ಮಾದರಿಯ ವಿಮಾನಕ್ಕೆಂದೇ ಬೇರೆ ಪರೀಕ್ಷೆ ಪಾಸಾಗದೆ ಅದನ್ನು ಹಾರಿಸುವಂತಿಲ್ಲ. ಅದಕ್ಕೇ ಹಗಲಿಡೀ ಕಬ್ಬಿಣದ ಕಾಲುಗಳ ಮೇಲೆ ಕುಣಿಯುವ ನಕಲಿ ಕಾಕ್‌ಪಿಟ್ಟಿನಲ್ಲಿ ಕೂರುತ್ತೇನೆ. ಇವತ್ತು ನೆಲ ಬಿಡುವ ಹೊತ್ತಿಗೇ ಮೇಷ್ಟ್ರು ಬಲಗಡೆಯ ಎಂಜಿನ್ ಆರಿಸಿಬಿಟ್ಟರು. ಬಲಕ್ಕೆ ತಿರುಗುವ ವಿಮಾನವನ್ನು ನೇರ ಇಡಲು ಎಡಗಾಲಿನ ಪೆಡಲನ್ನು ಪೂರ್ತಿ ತುಳಿಯಬೇಕಿತ್ತು. ಸೀಟು ಮುಂದಕ್ಕೆಳೆದಿದ್ದರೂ ಕಾಲು ಎಟುಕಲಿಲ್ಲ, ಪರದೆಯಲ್ಲಿ ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ನುಗ್ಗಿತು.

"ನಿನ್ ಕಾಲು ಗಿಡ್ಡ ಕಣಮ್ಮ. ಚಿಕ್ಕ ವಿಮಾನಾನೇ ಸಾಕು ನಿಂಗೆ, ಮನೆಗೆ ಹೋಗು" ಅಂದರು.

"ಕಾಲು ಉದ್ದ ಮಾಡೋಕಾಗಲ್ಲ ಸಾರ್, ಬೆನ್ನು ಮುಂದಕ್ಕೆ ತರಬಹುದು. ಇನ್ನೊಂದ್ಸಲ ಆರಿಸಿ" ಅಂದೆ.

ಸ್ವೆಟರ್ ಮಡಚಿ ಬೆನ್ನಿಗಿಟ್ಟುಕೊಂಡು ತುಳಿದೆ. ವಿಮಾನ ನಡುಗೆರೆ ಬಿಡದೆ ಮೇಲೆದ್ದಿತು. ಅವರು ಮತ್ತೆ ಮತ್ತೆ ಆರಿಸಿದರು, ನಾನು ಮತ್ತೆ ಮತ್ತೆ ಎಬ್ಬಿಸಿದೆ. ಕೊನೆಗೆ ಸುಸ್ತಾದದ್ದು ಅವರೇ. "ನಾಳೆ ಪರೀಕ್ಷೆಗೆ ಬಾ" ಎಂದಷ್ಟೇ ಗೊಣಗಿ ಎದ್ದುಹೋದರು.

ಎಡ ಮೀನಖಂಡ ಕಲ್ಲಾಗಿದೆ, ರೂಮಿಗೆ ಹೋದಮೇಲೆ ಬಿಸಿನೀರಿನ ಶಾಖ ಕೊಡಬೇಕು. ಅಮ್ಮನಿಗೆ ಓದಿ ಹೇಳುವಾಗ ಈ ಸಾಲು ಹಾರಿಸಿಬಿಡು. ನಾಳೆ ಯಾವ ಎಂಜಿನ್ ಬೇಕಾದರೂ ಆರಿಸಲಿ, ನಾನಂತೂ ಸೀಟು ಬಿಟ್ಟು ಏಳುವವಳಲ್ಲ.

ರೂಮಿಗೆ ಹೋಗುವ ಬಸ್ಸು ಬಂತು.
ನಿನ್ನ ಗಿಡ್ಡ ತಂಗಿ